ವಿಜಯಪುರದ ಸ್ಪೋಕನ್ ಇಂಗ್ಲಿಷ್ ಕ್ಲಾಸ್: ಕೌಂಟರ್ ಮಾತಿಗೆ ಸೈ, ದನಿಗೆ ಕಮ್ಮಿ

ಗೋಳಗುಮ್ಮಟದ ಸುತ್ತಲಿನ ಲಾಡ್ಜ್, ಅಂಗಡಿ ಹುಡುಗರು ಹೋಗುವ ಈ ಕ್ಲಾಸಿನಲ್ಲಿ ಗಿರಾಕಿಗೆ ನೆರವು ಬೇಕೇ ಎಂದು ಕೇಳುವ ಪಾಠ ಗಟ್ಟಿಯಾಗಿದೆ. ‘ಕ್ಯಾನ್ ಐ ಹೆಲ್ಪ್ ಯು?’, ‘ವುಡ್ ಯು ಲೈಕ್ ಸಮ್ ಹೆಲ್ಪ್?’ ಯಾರೆದುರೂ ನಡೆಯುತ್ತವೆ. ‘ನೀಡ್ ಎ ಹ್ಯಾಂಡ್?’ ಸಲಿಗೆಯ ಮಾತು. ಜೊತೆ ಕೆಲಸದವನಿಗೆ ಸರಿ, ಈಗಷ್ಟೇ ಬಂದಿಳಿದ ಹಿರಿಯರಿಗೆ ಬೇಡ. ‘ಏನ್ ಬೇಕ್ರೀ?’ ಎಂಬುದನ್ನು ‘ವಾಟ್ ಡು ಯು ವಾಂಟ್?’ ಮಾಡಿದರೆ ಜಗಳ ತೆಗೆದಂತೆ ಕೇಳುತ್ತದೆ, ಏಕೆಂದರೆ ‘ರೀ’ ಹೊತ್ತಿದ್ದ ಮರ್ಯಾದೆ ಅಲ್ಲಿ ಉದುರಿಹೋಗಿರುತ್ತದೆ. ಇದನ್ನು ಮಾಸ್ತರು ಬಿಡಿಸಿ ಹೇಳುವ ರೀತಿಗೇ ಫೀ ಕೊಡಬಹುದು.

‘ಲೆಟ್ ಮಿ ಗಿವ್ ಯು ಎ ಹ್ಯಾಂಡ್’ ಎಂದರೆ ನಾವು ನೆರವಾಗುವುದು. ‘ಗಿವ್ ಮಿ ಎ ಹ್ಯಾಂಡ್’ ಎಂದರೆ ನಾವೇ ನೆರವು ಕೇಳುವುದು. ಅದಲುಬದಲಾದರೆ ಗಿರಾಕಿಯೇ ಸೂಟ್‌ಕೇಸ್ ಎತ್ತಬೇಕು! ಹುಡುಗರು ಹೆಚ್ಚು ಎಡವುವುದು ಇಲ್ಲೇ, ನೋಟ್ಸಿನಲ್ಲಿ ಮಾತ್ರ ಒಂದೇ ಸಾಲು. ದನಿಯ ಅಭ್ಯಾಸವಂತೂ ಇಲ್ಲವೇ ಇಲ್ಲ. ‘ಕ್ಯಾನ್ ಐ ಹೆಲ್ಪ್ ಯು?’ ಅನ್ನು ಗಡುಸಾಗಿ ಅಂದರೆ ‘ಇಲ್ಲೇನು ಕೆಲಸ ನಿನಗೆ?’ ಎಂದಂತಾಗುತ್ತದೆ.

ಲಾಡ್ಜ್, ಹೋಟೆಲ್ ಕೆಲಸದವರು ಸೇರಬಹುದು. ಪರೀಕ್ಷೆಗೆ ಓದುವವರಿಗೆ ಇದು ಬೇಕಿಲ್ಲ.