ಪ್ರೊಸೆಸರ್ ಬದಲಿಸಿದ ಮೇಲೆ ಕ್ರ್ಯಾಶ್ ಆಗುತ್ತಿದ್ದ ಕಂಪ್ಯೂಟರನ್ನು "ಸರಿ ಮಾಡಿದ್ದೇವೆ" ಎಂದು ಮರಳಿಸಿದರೆ ಮೊದಲು ಬಯೋಸ್ ತೆರೆದು ನೋಡಿ

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿಸಿಕೊಂಡು, ಅದು ಕಾರಣವಿಲ್ಲದೆ ರೀಸ್ಟಾರ್ಟ್ ಆಗುತ್ತಿದೆಯೆಂದು ದೂರು ಕೊಟ್ಟಿರುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಮಾರಿದವರು ಯಂತ್ರವನ್ನು ತರಿಸಿಕೊಂಡು "ಸರಿ ಮಾಡಿದ್ದೇವೆ" ಎಂದು ಮರಳಿಸಿದ ಮಾತ್ರಕ್ಕೆ ಅದು ಸರಿಯಾಗಿದೆ ಎಂದು ನಂಬಬೇಡಿ. ನನಗೆ ಹಾಗೆ ಮರಳಿ ಬಂದ ಯಂತ್ರದಲ್ಲಿ ಯಾವುದನ್ನೂ ಸರಿಪಡಿಸಿರಲಿಲ್ಲ. ದೋಷವಿದ್ದ ಅದೇ ಪ್ರೊಸೆಸರನ್ನು ಒಳಗೆ ಉಳಿಸಿ, ಅದು ಕ್ರ್ಯಾಶ್ ಆಗದಂತೆ ಅದರ ವೇಗವನ್ನು ಕಟ್ಟಿಹಾಕಿ, ಆ ಬಗ್ಗೆ ಒಂದು ಮಾತನ್ನೂ ಹೇಳದೆ ಕಳಿಸಿಕೊಟ್ಟಿದ್ದರು.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಮದರ್‌ಬೋರ್ಡ್, ಡಿಡಿಆರ್4 3200 ರ್‍ಯಾಮ್, ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಹಳೆಯವೇ, ವರ್ಷಗಳಿಂದ ಒಂದು ತೊಂದರೆಯನ್ನೂ ಕೊಡದೆ ಕೆಲಸ ಮಾಡುತ್ತಿದ್ದವು. ಬದಲಾದದ್ದು ಪ್ರೊಸೆಸರ್ ಒಂದೇ. ಮೂಲ ವೇಗ 3.7 ಗಿಗಾಹರ್ಟ್ಸ್, ಬೂಸ್ಟ್ ವೇಗ (ಬೇಕೆನಿಸಿದಾಗ ತಾನಾಗಿ ಏರುವ ಗರಿಷ್ಠ ವೇಗ) 4.6 ಗಿಗಾಹರ್ಟ್ಸ್ ಇರುವ 6 ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಚಿಪ್ ಅದು. ಅದನ್ನು ಗುರುತಿಸುವ ಹೊಸ ಬಯೋಸನ್ನು (ಯಂತ್ರ ಶುರುವಾಗುವಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಹಾಕಿ, ಕೂಲರ್ ಕೂರಿಸಿ, ಡೆಸ್ಕ್‌ಟಾಪ್ ತೆರೆದುಕೊಳ್ಳುವವರೆಗೆ ನಿಂತು ತೋರಿಸಿದವರು ಮಾರಿದವರೇ. ತೊಂದರೆ ಶುರುವಾದದ್ದು ಯಂತ್ರಕ್ಕೆ ಭಾರವಾದ ಕೆಲಸ ಕೊಟ್ಟಾಗಲ್ಲ, ಕೊಡದಿದ್ದಾಗ. ಗಂಟೆಗಟ್ಟಲೆ ವೀಡಿಯೊ ಎಕ್ಸ್‌ಪೋರ್ಟ್ ಮಾಡಿದರೂ ಸುಮ್ಮನೆ ಓಡುತ್ತಿದ್ದ ಯಂತ್ರ, ಬ್ರೌಸರಿನಲ್ಲಿ ಏನೋ ಓದುತ್ತಿರುವಾಗ ಅಥವಾ ಒಂದು ಕಡತದಲ್ಲಿ ಟೈಪ್ ಮಾಡುತ್ತಿರುವಾಗ, ನೀಲಿ ಪರದೆಯನ್ನೂ ತೋರಿಸದೆ ಥಟ್ಟನೆ ಕಪ್ಪಾಗಿ ರೀಸ್ಟಾರ್ಟ್ ಆಗುತ್ತಿತ್ತು. ಬರೆದು ಉಳಿಸಿಕೊಳ್ಳದೇ ಇದ್ದ ಕೆಲಸವೆಲ್ಲ ಪ್ರತಿ ಸಲವೂ ಹೋಯಿತು.

ವಿಂಡೋಸ್ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದು ನೋಡಿದರೆ ಅಲ್ಲಿ ಡಬ್ಲ್ಯೂಎಚ್‌ಇಎ ಲಾಗರ್ ಎಂಬ ಹೆಸರಿನಲ್ಲಿ 18ನೇ ಸಂಖ್ಯೆಯ ದಾಖಲೆ ಇತ್ತು. ಹಾರ್ಡ್‌ವೇರಿನಲ್ಲಿ ಮಾರಕ ದೋಷ, ವರದಿ ಮಾಡಿದ ಭಾಗ ಪ್ರೊಸೆಸರ್ ಕೋರ್, ದೋಷದ ಬಗೆ ಕ್ಯಾಶ್ ಹೈರಾರ್ಕಿ ಎರರ್ (ಪ್ರೊಸೆಸರಿನೊಳಗಿನ ಚಿಕ್ಕ ಮೆಮೊರಿಯ ದೋಷ) ಎಂದು ಅದರಲ್ಲೇ ಬರೆದಿತ್ತು. ಕೆಳಗಿನ ಸಾಲಿನಲ್ಲಿ ಕೋರನ್ನು ಸೂಚಿಸುವ ಎಪಿಐಸಿ ಐಡಿ ಇರುತ್ತದೆ, ಪ್ರತಿ ಕ್ರ್ಯಾಶ್‌ನಲ್ಲೂ ಅದೇ ಸಂಖ್ಯೆ. ಬೇರೆ ಬೇರೆ ಕೋರ್‌ಗಳ ಹೆಸರು ಬರುತ್ತಿದ್ದರೆ ಸಂಶಯ ಬೇರೆಡೆಗೂ ಹೋಗಬಹುದಿತ್ತು. ಒಂದೇ ಕೋರ್ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದೆ ಎಂದರೆ ಬೆರಳು ಎತ್ತ ತೋರಿಸುತ್ತದೆ ಎಂಬುದು ಈ ವ್ಯವಹಾರದಲ್ಲಿರುವ ಯಾರಿಗಾದರೂ ಗೊತ್ತಾಗಬೇಕು. ಚಿತ್ರ ತೆಗೆದು ಅವರಿಗೆ ಕಳಿಸಿದೆ.

ಉತ್ತರ ಬಂತು: "ವಿಂಡೋಸ್ ಹೊಸದಾಗಿ ಹಾಕಿ ಸರ್, ಹಳೆಯ ಡ್ರೈವರ್ ಉಳಿದಿದ್ದರೆ ಹೀಗಾಗುತ್ತೆ." ಹಾಕಿದೆ. ಅದೇ ದಾಖಲೆ, ಅದೇ ಕೋರ್. ಮತ್ತೆ ಕಳಿಸಿದೆ. "ನಿಮ್ಮ ರ್‍ಯಾಮ್ ಹೊಸ ಪ್ರೊಸೆಸರಿಗೆ ಹೊಂದುತ್ತಿಲ್ಲ ಸರ್, ಬೇರೆ ತೆಗೆದುಕೊಳ್ಳಿ, ನಮ್ಮಲ್ಲೇ ಇದೆ" ಎಂದರು. ರ್‍ಯಾಮ್ ಮೇಲೆ ಸಂಶಯ ಪಡುವುದು ತಪ್ಪಲ್ಲ, ಎಕ್ಸ್‌ಎಂಪಿ ಎಂಬುದು ಮೆಮೊರಿಯನ್ನು ಮೂಲ ನಿಗದಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಮೊದಲು ಅದನ್ನು ತೆಗೆದು ನೋಡಲೇಬೇಕು. ನಾನು ಎಕ್ಸ್‌ಎಂಪಿ ತೆಗೆದೆ, ಕ್ರ್ಯಾಶ್ ನಿಲ್ಲಲಿಲ್ಲ. ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯನ್ನು ಪೂರ್ತಿ 4 ಸುತ್ತು ಓಡಿಸಿದೆ, ಒಂದು ದೋಷವೂ ಬರಲಿಲ್ಲ. ಆ ಫಲಿತಾಂಶವನ್ನೂ ಕಳಿಸಿದ ಮೇಲೆ ರ್‍ಯಾಮ್‌ನ ಮಾತು ಬಿಟ್ಟು ಪವರ್ ಸಪ್ಲೈ ಹಿಡಿದುಕೊಂಡರು. ನಾನು ಕಳಿಸಿದ ಚಿತ್ರದ ಮೂಲೆಯಲ್ಲಿ ಕರ್ನಲ್-ಪವರ್ 41 ಎಂಬ ಇನ್ನೊಂದು ದಾಖಲೆ ಇತ್ತು. ಅದಕ್ಕೆ ಕೆಂಪು ಗುರುತು ಹಾಕಿ "ನೋಡಿ ಸರ್, ಪವರ್ ಸಪ್ಲೈ ಹೋಗಿದೆ ಎಂದು ವಿಂಡೋಸೇ ಹೇಳುತ್ತಿದೆ" ಎಂದು ನನಗೇ ಹಿಂದಿರುಗಿಸಿದರು. ಆ ದಾಖಲೆ ಹೇಳುವುದು, ಯಂತ್ರ ಕ್ರಮವಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದನ್ನು ಮಾತ್ರ. ಪ್ಲಗ್ ಕಿತ್ತರೂ ಅದು ಬರುತ್ತದೆ, ಪ್ರೊಸೆಸರ್ ಸತ್ತರೂ ಬರುತ್ತದೆ.

ಅದನ್ನೂ ವಿವರಿಸಿದ ಮೇಲೆ ಬಂದ ಉತ್ತರ ನನ್ನ ಸಹನೆಯನ್ನೇ ಕೆಡಿಸಿತು: "ಇದು 2024ರಲ್ಲಿ ಸುದ್ದಿಯಾಗಿತ್ತಲ್ಲ ಸರ್, ವೋಲ್ಟೇಜ್ ಸಮಸ್ಯೆ, ಅದೇ. ಬಯೋಸ್ ಅಪ್‌ಡೇಟ್ ಬರುವವರೆಗೆ ಕಾಯಿರಿ." 2024ರಲ್ಲಿ ಸುದ್ದಿಯಾದದ್ದು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ವಿಷಯ. ಮೈಕ್ರೋಕೋಡಿನ, ಅಂದರೆ ಪ್ರೊಸೆಸರಿನೊಳಗಿನ ಸೂಚನೆಗಳ, ದೋಷದಿಂದ ಅವು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿವೆ ಎಂದು ಆ ವರ್ಷದ ಜುಲೈನಲ್ಲಿ ಸಂಸ್ಥೆಯೇ ಹೇಳಿತು, ಆಗಸ್ಟ್‌ನಲ್ಲಿ ತಿದ್ದಿದ ಮೈಕ್ರೋಕೋಡ್ ಬಂತು, ವಾರಂಟಿಯನ್ನು 2 ವರ್ಷ ಹೆಚ್ಚಿಸಲಾಯಿತು. ನನ್ನ ಪ್ರೊಸೆಸರ್ ಆ ಎರಡು ತಲೆಮಾರುಗಳದ್ದಲ್ಲ. ಆಗಿದ್ದರೂ, ಆಗಲೇ ಹಾಳಾದ ಚಿಪ್ಪನ್ನು ಯಾವ ಅಪ್‌ಡೇಟೂ ಸರಿ ಮಾಡುವುದಿಲ್ಲ, ಅದನ್ನು ಬದಲಿಸಿಯೇ ಕೊಡಬೇಕು ಎಂಬುದು ಆಗಲೇ ಎಲ್ಲರಿಗೂ ತಿಳಿದಿದ್ದ ವಿಷಯ. ಇಷ್ಟು ಹೊತ್ತಿಗೆ ಬದಲಿಸಿಕೊಡುವ ಅವಧಿಯ ದಿನಗಳು ಒಂದೊಂದಾಗಿ ಕಳೆಯುತ್ತಿದ್ದವು. ಇವರು ಎಳೆದಾಡುತ್ತಿದ್ದದ್ದೇ ಅದಕ್ಕಾಗಿ ಎಂದು ಈಗ ನನಗೆ ಸಂಶಯವೇ ಉಳಿದಿಲ್ಲ.

ಕೊನೆಗೆ ಯಂತ್ರವನ್ನೇ ತರಿಸಿಕೊಂಡರು. ಮರಳಿಸುವಾಗ "ಪ್ರೊಸೆಸರ್ ಸರಿಯಾಗಿ ಕೂತಿರಲಿಲ್ಲ ಸರ್, ತೆಗೆದು ಮತ್ತೆ ಕೂರಿಸಿ ಕೂಲರ್ ಕೆಳಗೆ ಹೊಸ ಪೇಸ್ಟ್ ಹಾಕಿದ್ದೇವೆ, ರಾತ್ರಿಯಿಡೀ ಸ್ಟ್ರೆಸ್ ಟೆಸ್ಟ್ ಓಡಿಸಿದ್ದೇವೆ" ಎಂದರು. ಯಂತ್ರ ನಿಜಕ್ಕೂ ನಿಲ್ಲದೆ ಓಡಿತು. ನಾನು ಅವರಿಗೆ ಧನ್ಯವಾದ ತಿಳಿಸಿ ಸಂದೇಶ ಕಳಿಸಿದೆ. ಆ ಸಂದೇಶ ಈಗಲೂ ಫೋನಿನಲ್ಲಿದೆ, ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ.

ಕೆಲವು ದಿನಗಳ ಮೇಲೆ, ವೀಡಿಯೊ ಎಕ್ಸ್‌ಪೋರ್ಟ್ ಮೊದಲಿಗಿಂತ ತಡವಾಗುತ್ತಿದೆ ಎನ್ನಿಸಿತು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ವೇಗದ ಅಂಕಿಯನ್ನು ನೋಡುತ್ತ ಕುಳಿತೆ. ಅದು 3.69, 3.70, ಮತ್ತೆ 3.69. ಬ್ರೌಸರ್ ತೆರೆದೆ, ಮುಚ್ಚಿದೆ, ದೊಡ್ಡ ಕಡತವೊಂದನ್ನು ಬಿಡಿಸಿದೆ. ಅಂಕಿ 3.70ರ ಮೇಲೆ ಏರಲೇ ಇಲ್ಲ. ಹಗುರವಾದ ಕೆಲಸದಲ್ಲಿ 4.6ರ ಹತ್ತಿರಕ್ಕೆ ಜಿಗಿಯಬೇಕಾದ ಪ್ರೊಸೆಸರ್ ಅದು, ಮೊದಲ ವಾರದಲ್ಲಿ ಜಿಗಿಯುತ್ತಿದ್ದದ್ದನ್ನು ನಾನೇ ನೋಡಿದ್ದೆ. ರೀಸ್ಟಾರ್ಟ್ ಮಾಡಿ ಡಿಲೀಟ್ ಕೀ ಒತ್ತಿ ಬಯೋಸಿನೊಳಗೆ ಹೋದೆ. ಸಾಮಾನ್ಯವಾಗಿ ಆಟೋ ಎಂದು ಇರುವ ಬೂಸ್ಟ್‌ನ ಸಾಲಿನಲ್ಲಿ ಡಿಸೇಬಲ್ಡ್ ಎಂದಿತ್ತು. ರ್‍ಯಾಮ್ ನಾನು ಪರೀಕ್ಷೆಯ ಮೇಲೆ ಮತ್ತೆ ಏರಿಸಿಟ್ಟಿದ್ದ 3200ರಿಂದ 2133ಕ್ಕೆ ಇಳಿದಿತ್ತು. ಬೂಸ್ಟ್‌ನ ಆ ಸಾಲು ತಾನಾಗಿ ಹಾಗೆ ಬದಲಾಗುವುದಿಲ್ಲ. ಅದನ್ನು ಯಾರೋ ಬಾಣದ ಕೀ ಒತ್ತಿ ಆಯ್ದು, ಉಳಿಸಿ, ಹೊರಬಂದಿರಬೇಕು. ಅಂದರೆ ದೋಷ ಪ್ರೊಸೆಸರಿನಲ್ಲೇ ಇದೆ, ವೇಗ ಏರಿದಾಗ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಪೇಸ್ಟಿನ ಕಥೆ ಹೇಳಿದರು. ಗೊತ್ತಿದ್ದೂ ನನ್ನ ಧನ್ಯವಾದವನ್ನು ತೆಗೆದುಕೊಂಡರು.

ಅವರ ರಾತ್ರಿಯಿಡೀ ನಡೆದ ಸ್ಟ್ರೆಸ್ ಟೆಸ್ಟಿಗೆ, ಅಂದರೆ ಯಂತ್ರಕ್ಕೆ ಪೂರ್ತಿ ಭಾರ ಕೊಟ್ಟು ನೋಡುವ ಪರೀಕ್ಷೆಗೆ, ಯಾಕೆ ಬೆಲೆಯಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲ ಕೋರ್‌ಗಳ ಮೇಲೂ ಒಟ್ಟಿಗೆ ಭಾರ ಬಿದ್ದಾಗ ವಿದ್ಯುತ್ತು ಮತ್ತು ಶಾಖದ ಮಿತಿಯಿಂದಾಗಿ ಪ್ರೊಸೆಸರ್ ತನ್ನ ಗರಿಷ್ಠ ವೇಗಕ್ಕೆ ಹೋಗುವುದೇ ಇಲ್ಲ. ಒಂದೆರಡು ಕೋರ್‌ಗಳಿಗೆ ಮಾತ್ರ ಕೆಲಸ ಇದ್ದಾಗ, ಅಂದರೆ ನಾವು ಓದುತ್ತಲೋ ಟೈಪ್ ಮಾಡುತ್ತಲೋ ಇರುವಾಗ, ಆ ಒಂದು ಕೋರ್ ತುತ್ತತುದಿಯ ವೇಗಕ್ಕೆ ಜಿಗಿಯುತ್ತದೆ. ದುರ್ಬಲವಾದ ಕೋರ್ ಬೀಳುವುದು ಅಲ್ಲಿ. ಅದನ್ನು ಹಿಡಿಯಬೇಕಾದರೆ ಕೋರ್‌ಸೈಕ್ಲರ್‌ನಂತೆ ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸುವ ಸಾಧನ ಬೇಕು. ನಾನು ಬೂಸ್ಟನ್ನು ಮತ್ತೆ ಆಟೋಗೆ ತಂದು ಅದನ್ನು ಓಡಿಸಿದೆ. ಉಳಿದ ಐದು ಕೋರ್‌ಗಳು ದಾಟಿದವು, ಈವೆಂಟ್ ವ್ಯೂವರ್ ಮೊದಲಿನಿಂದ ಹೇಳುತ್ತಿದ್ದ ಅದೇ ಕೋರಿನ ಸರದಿ ಬಂದಾಗ ಯಂತ್ರ ಬಿತ್ತು. ಆಮೇಲೆ ಹಳೆಯ ಪ್ರೊಸೆಸರನ್ನು ಅದೇ ಬೋರ್ಡಿಗೆ, ಅದೇ ರ್‍ಯಾಮ್ 3200ರಲ್ಲಿ, ಅದೇ ಪವರ್ ಸಪ್ಲೈ ಜೊತೆ ಕೂರಿಸಿದೆ. ಒಂದು ಕ್ರ್ಯಾಶೂ ಇಲ್ಲ.

ಇಷ್ಟನ್ನೂ ಬರೆದು ಕೇಳಿದಾಗ ಬಂದ ಮೊದಲ ಉತ್ತರ: "ಯಂತ್ರ ನಿಲ್ಲದೆ ಓಡಬೇಕು ಎಂದು ಕೇಳಿದ್ದು ನೀವೇ ಅಲ್ಲವೇ ಸರ್, ಈಗ ಓಡುತ್ತಿದೆಯಲ್ಲ?" ಎರಡನೆಯದು: "ಬೂಸ್ಟ್ ಎಂದರೆ ಓವರ್‌ಕ್ಲಾಕ್ ಸರ್, ಅದಕ್ಕೆ ಖಾತರಿ ಇರುವುದಿಲ್ಲ." ಇದು ಸುಳ್ಳು. ಓವರ್‌ಕ್ಲಾಕ್ ಎಂದರೆ ತಯಾರಕರು ನಿಗದಿ ಮಾಡಿದ್ದಕ್ಕಿಂತ ಹೆಚ್ಚಿನ ವೇಗಕ್ಕೆ ನಾವೇ ಏರಿಸುವುದು. ತಯಾರಕರೇ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ, ಕಾರ್ಖಾನೆಯಿಂದಲೇ ಆನ್ ಮಾಡಿ ಕಳಿಸುವ ವ್ಯವಸ್ಥೆ ಓವರ್‌ಕ್ಲಾಕ್ ಅಲ್ಲ. ಶಾಖ ಹೆಚ್ಚಾಗಿ 4.6ರ ಬದಲು 4.5ಕ್ಕೆ ನಿಂತರೆ ನಾನು ದೂರುವುದಿಲ್ಲ, ಆದರೆ ಯಾವ ಸೆಟ್ಟಿಂಗನ್ನೂ ಮುಟ್ಟದೆ ಬೂಸ್ಟ್ ಮಾಡಿದ ಕೂಡಲೇ ಯಂತ್ರ ಬಿದ್ದರೆ ಅದು ದೋಷವೇ. ಮೂರನೆಯ ಉತ್ತರಕ್ಕೆ ವಿವರಣೆ ಬೇಡ: "ಬದಲಿಸಿಕೊಡುವ ಅವಧಿ ಮುಗಿದಿದೆ ಸರ್."

ಅಪ್‌ಗ್ರೇಡ್ ಮಾಡಿಸುವವರಿಗೆ ನಾನು ಹೇಳುವುದು ಇಷ್ಟೇ. ಹಳೆಯ ಪ್ರೊಸೆಸರನ್ನು ಹೊಸದು ನೆಲೆಯಾಗುವವರೆಗೆ ಯಾರಿಗೂ ಕೊಡಬೇಡಿ, ಅದು ಇಲ್ಲದಿದ್ದರೆ ತಪ್ಪು ಯಾವ ಭಾಗದ್ದು ಎಂದು ತೋರಿಸಲು ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಯಂತ್ರವನ್ನು ರಿಪೇರಿಗೆ ಕೊಡುವ ಮೊದಲು ಬಯೋಸಿನ ಪುಟಗಳ ಚಿತ್ರ ತೆಗೆದಿಟ್ಟುಕೊಳ್ಳಿ, ಮರಳಿ ಬಂದಾಗ ಬೂಸ್ಟ್ ಮತ್ತು ರ್‍ಯಾಮ್ ವೇಗದ ಸಾಲುಗಳನ್ನು ಅವರೆದುರಿಗೇ ತೆರೆದು ಹೋಲಿಸಿ. ಕೂಲರ್ ಕೂರಿಸುವ ಮೊದಲು ಚಿಪ್ಪಿನ ಮೇಲೆ ಕೊರೆದ ಅಕ್ಷರಗಳ ಚಿತ್ರವೂ ಇರಲಿ, ಪೇಸ್ಟ್ ಬಿದ್ದ ಮೇಲೆ ಅದು ಕಾಣುವುದಿಲ್ಲ. ದೂರನ್ನು ಮೊದಲ ದಿನವೇ ಬರಹದಲ್ಲಿ ಕೊಡಿ, ಬದಲಿ ಬೇಕು ಎಂದು ಅದರಲ್ಲೇ ಸ್ಪಷ್ಟವಾಗಿ ಕೇಳಿ, ಫೋನಿನಲ್ಲಿ ಹೇಳಿದ ಮಾತಿಗೆ ಇವರು ಬದ್ಧರಲ್ಲ. ಅವರು ಇನ್ನೊಂದು ರ್‍ಯಾಮ್ ಕೊಳ್ಳಿ, ಇನ್ನೊಂದು ಪವರ್ ಸಪ್ಲೈ ಕೊಳ್ಳಿ ಎಂದಾಗ, ಆ ಭಾಗವನ್ನು ಮೊದಲು ತಾವೇ ಹಾಕಿ ಕ್ರ್ಯಾಶ್ ನಿಲ್ಲುವುದನ್ನು ತೋರಿಸಲಿ.

ಪ್ರೊಸೆಸರ್ ಪೆಟ್ಟಿಗೆಯಲ್ಲಿ ಬಂದದ್ದಾದ್ದರಿಂದ ತಯಾರಕರ ವಾರಂಟಿ ಇದೆ. ಕೋರ್‌ಸೈಕ್ಲರ್‌ನ ದಾಖಲೆ, ಈವೆಂಟ್ ವ್ಯೂವರಿನ ಚಿತ್ರಗಳು, ಬಯೋಸಿನ ಪುಟದ ಚಿತ್ರ ಎಲ್ಲವನ್ನೂ ಸೇರಿಸಿ ನೇರವಾಗಿ ಅವರಿಗೇ ಕಳಿಸಿದ್ದೇನೆ. ಮಾರಿದವರಿಗೂ ಅದರ ಪ್ರತಿ ಹೋಗಿದೆ. ಅದಕ್ಕೆ ಈವರೆಗೆ ಅವರಿಂದ ಉತ್ತರ ಬಂದಿಲ್ಲ.