ಮೃಗಾಲಯ ಬೇಕೋ ಬೇಡವೋ: ಯಾವ ಬರಹ ಪುರಾವೆಯಾದೀತು?

ಮೃಗಾಲಯದ ಬಗ್ಗೆ ವಾದ ಬರೆಯೋಕೆ ಸಂಶೋಧನಾ ಲೇಖನ ಒಳ್ಳೆಯದೋ, ಮೃಗಾಲಯಗಳ ವರದಿಯೋ ಅಂತ ಕೇಳಿದ್ದೀರಿ.

ನಂಬಿಕೆಯ ವಿಷಯದಲ್ಲಿ ಸಂಶೋಧನೆಗೆ ತೂಕ ಜಾಸ್ತಿ. ಆದರೆ ಪೂರ್ತಿ ಓದಬೇಕು. 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಆಫ್ರಿಕನ್ ಹೆಣ್ಣಾನೆಗಳ ಮಧ್ಯಕ ಆಯುಷ್ಯ (ಅರ್ಧದಷ್ಟು ಆನೆಗಳು ಸಾಯುವ ಹೊತ್ತಿನ ವಯಸ್ಸು) 16.9 ವರ್ಷ. ಕೀನ್ಯಾದ ಅಂಬೊಸೆಲಿ ರಾಷ್ಟ್ರೀಯ ಉದ್ಯಾನದಲ್ಲಿ ಸಹಜವಾಗಿ ಸತ್ತವುಗಳದ್ದು 56. ಮನುಷ್ಯರಿಂದಾದ ಸಾವುಗಳನ್ನೂ ಸೇರಿಸಿದರೆ ಅದು 35.9ಕ್ಕೆ ಇಳಿಯುತ್ತದೆ. ಬರೀ 56 ಅಂತ ಬರೆದರೆ ಎದುರಾಳಿ ಅಲ್ಲೇ ಹಿಡಿಯುತ್ತಾರೆ, ಅಲ್ವಾ? ಮತ್ತೆ, ಇದು ಆನೆಗಳ ಮಾತು. ಸುಮ್ನೆ ಎಲ್ಲ ಪ್ರಾಣಿಗಳಿಗೂ ಹಚ್ಚಬೇಡಿ.

ಓದಲು ವರದಿಗಳೇ ಸುಲಭ. ಆದರೆ ಅವುಗಳಲ್ಲಿ ಮೃಗಾಲಯಗಳು ತಮ್ಮ ಕೆಲಸವನ್ನು ತಾವೇ ಹೇಳಿಕೊಳ್ಳುವುದರಿಂದ ಇನ್ನೊಂದು ಮೂಲದ ಜೊತೆ ತಾಳೆ ನೋಡಲೇಬೇಕು.

ಮೃಗಾಲಯಗಳು ಅಳಿವಿನಂಚಿನ ಜೀವಿಗಳನ್ನು ಉಳಿಸುತ್ತವೆ ಅನ್ನುವ ವಾದಕ್ಕೆ ವರದಿಗಳನ್ನು ಹಿಡಿಯಿರಿ. ಅರೇಬಿಯನ್ ಓರಿಕ್ಸ್ ಅನ್ನುವ ಮರುಭೂಮಿಯ ಹುಲ್ಲೆ 1972ರಲ್ಲಿ ತನ್ನ ಸಹಜ ನೆಲೆಯಿಂದ ಮರೆಯಾಯಿತು. ಸಾಕಿ ಬೆಳೆಸಿದವನ್ನು 1982ರಲ್ಲಿ ಒಮಾನ್‌ನಲ್ಲಿ ಬಿಡಲಾಯಿತು. ಆದರೆ ಒಂದೊಂದು ಪ್ರಾಣಿಯೂ ಮೃಗಾಲಯದಲ್ಲಿ ಹೇಗೆ ಬದುಕುತ್ತದೆ ಅನ್ನುವುದು ನಿಮ್ಮ ಪ್ರಶ್ನೆಯಾದರೆ ಸಂಶೋಧನೆಯೇ ಬೇಕು. ಓರಿಕ್ಸ್ ಕಥೆ ಅದಕ್ಕೆ ಉತ್ತರ ಕೊಡುವುದಿಲ್ಲ.