ಮೂರು ವರ್ಷದ ಯೋಗ ಕ್ಲಾಸು: ಕೂದಲು ಕಪ್ಪಾಗಲಿಲ್ಲ, ಮಂಡಿ ಮಾತು ಕೇಳುತ್ತಿದೆ

ಬೋರ್ಡಿನಲ್ಲಿ ‘ಹತ್ತು ವರ್ಷ ಚಿಕ್ಕವರಾಗಿ’ ಅಂತ ಬರೆದಿತ್ತು. ನಾನು ಅದನ್ನು ನಂಬಿ ಸೇರಲಿಲ್ಲ. ನೆಲದ ಮೇಲೆ ಕೂತು ಹೂ ಕಟ್ಟಿದರೆ, ಏಳುವಾಗ ಮಂಚದ ಕಾಲು ಹಿಡಿಯಬೇಕಿತ್ತು. ಅದಕ್ಕೇ ಸೇರಿದ್ದು. ಆಗ ನನಗೆ 58, ಈಗ 61. ಹಾಸನದಲ್ಲಿ ಮನೆ ಹತ್ತಿರದ ಕ್ಲಾಸು, ಬೆಳಿಗ್ಗೆ ಆರರ ಬ್ಯಾಚು, ತಿಂಗಳಿಗೆ 800 ರೂಪಾಯಿ.

ಮೊದಲು ಕಷ್ಟವಾಗಿದ್ದು ಆಸನವಲ್ಲ, ಕಾಫಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರು. ಕಾಫಿ ಸೀಮೆಯವರಿಗೆ ಹೇಳುವ ಮಾತಾ ಇದು? ಒಂದು ತಿಂಗಳು ಕದ್ದು ಕುಡಿದೇ ಹೋದೆ. ಒಂದು ದಿನ ಮುಂದಕ್ಕೆ ಬಗ್ಗಿದಾಗ ಕಾಫಿ ಗಂಟಲಿಗೇ ಬಂತು. ಅಲ್ಲಿಗೆ ಬಿಟ್ಟೆ. ಈಗ ಮನೆಗೆ ಬಂದ ಮೇಲೆ ದೊಡ್ಡ ಲೋಟ.

ಕೆಲಸಕ್ಕೆ ಬಂದದ್ದು ಸುಲಭದವೇ. ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ಮೊದಲು ಐದು ಎಣಿಸುವಷ್ಟರಲ್ಲಿ ವಾಲಿ ಗೋಡೆ ಹಿಡಿಯುತ್ತಿದ್ದೆ. ಈಗ ಮೂವತ್ತರವರೆಗೆ ನಿಲ್ಲುತ್ತೇನೆ. ಚಪ್ಪಲಿ ಪಟ್ಟಿ ಹಾಕಿಕೊಳ್ಳಲು ಕೂರಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿಸುತ್ತಿದ್ದರು. ತೊಡೆಗೆ ಬಲ ಬಂದರೆ ಮಂಡಿಗೆ ಭಾರ ಕಡಿಮೆ ಅಂತ ಆಗ ಗೊತ್ತಾಯಿತು. ಹೂ ಕಟ್ಟಿ ಏಳುವುದಕ್ಕೆ ಮಂಚ ಬೇಕಿಲ್ಲ ಈಗ. ರಾತ್ರಿ ಮಲಗುವ ಮುಂಚೆ ಐದು ಸುತ್ತು ಭ್ರಾಮರಿ, ಅಂದರೆ ಉಸಿರು ಬಿಡುವಾಗ ದುಂಬಿಯ ಹಾಗೆ ಗುಂಯ್ ಅನ್ನುವುದು. ‘ಜೇನು ಎದ್ದಿತು’ ಅಂತ ನಮ್ಮ ಮನೆಯವರು ನಗುತ್ತಾರೆ. ನಗಲಿ, ನಿದ್ದೆ ಬರುತ್ತೆ.

ಎರಡನೇ ವರ್ಷ ಮೇಷ್ಟ್ರು ಬದಲಾದರು. ಹೊಸಬರು ಹುಡುಗರು. ಎಲ್ಲರಿಗೂ ಒಂದೇ ಸಮ ಸರ್ವಾಂಗಾಸನ, ಅಂದರೆ ಭುಜದ ಮೇಲೆ ಭಾರ ಹಾಕಿ ಕಾಲು ಮೇಲೆತ್ತುವುದು, ಮಾಡಿಸಿದರು. ಬಿಪಿ ಇದೆ ಅಂದೆ. ‘ಏನೂ ಆಗಲ್ಲ ಅಮ್ಮ, ಪಟ್ಟಾಭಿ ಜೋಯಿಸರ ಊರಿನ ಕಡೆಯವರು ನೀವು’ ಅಂದರು. ನಿಜ, ಅಷ್ಟಾಂಗ ಯೋಗ ಕಲಿಸಿ ಹೆಸರಾದ ಜೋಯಿಸರು 1915ರಲ್ಲಿ ಹುಟ್ಟಿದ ಕೌಶಿಕ ಗ್ರಾಮ ನಮ್ಮ ಪಕ್ಕದ್ದೇ. 1927ರಲ್ಲಿ ಹಾಸನದಲ್ಲೇ ಯೋಗ ಗುರು ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಶಿಷ್ಯರಾದವರು. ‘ಆಗ ಅವರಿಗೆ ಹನ್ನೆರಡು, ನನಗೆ ಅರವತ್ತು’ ಅಂದೆ. ಆದರೂ ಮಾಡಿಸಿದರು, ನಾನೂ ಮಾಡಿದೆ. ಕುತ್ತಿಗೆ ಹಿಡಿದು ಹದಿನೈದು ದಿನ ಮನೆಯಲ್ಲೇ. ತಪ್ಪು ಇಬ್ಬರದ್ದೂ ಅನ್ನಿ. ಬಿಪಿ ಹತೋಟಿಯಲ್ಲಿ ಇಲ್ಲದವರು, ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇರುವವರು, ಮೂಳೆ ಸವೆದವರು ಇಂಥ ಆಸನಕ್ಕೆ ಮುಂಚೆ ಡಾಕ್ಟರನ್ನು ಕೇಳಲೇಬೇಕು. ನಾನೀಗ ಗೋಡೆಗೆ ಕಾಲು ಚಾಚಿ ಸುಮ್ನೆ ಮಲಗುತ್ತೇನೆ.

ಬಿಪಿ ಮಾತ್ರೆ ನಿಂತಿಲ್ಲ, ನಿಲ್ಲಿಸುವ ಆಸೆಯೂ ಇಲ್ಲ. ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಹೋಗಿದ್ದು ನೆಲದಿಂದ. ಡಿಸೆಂಬರಿನಲ್ಲಿ ಮ್ಯಾಟ್ ದಾಟಿ ಥಂಡಿ ಹತ್ತುತ್ತೆ. ಸೇರುವುದಾದರೆ ಮನೆಯಿಂದ ಜಮಖಾನ ಒಯ್ಯಿರಿ, ಅವರು ಕೊಡಲ್ಲ.